ಬಾಣಂತನದ ಹೊಸ ಗೆಳತಿಯರು

'ಬಾಣಂತನ ಮಾಡುವುದು' ಎಂಬ ಮಾತನ್ನು ನಾವು ದಿನನಿತ್ಯ ಆಡುತ್ತೇವೆ. ಆ ಮಾತಿನೊಳಗೆ ಅಡಗಿರುವ ಒಂದು ಸೂಕ್ಷ್ಮವನ್ನು ಮಾತ್ರ ಅಷ್ಟಾಗಿ ಗಮನಿಸುವುದಿಲ್ಲ. ಹೆರುವವಳು ಒಬ್ಬಳು, ಬಾಣಂತನ ಮಾಡುವವರು ಬೇರೆಯವರು. ಈ ಕ್ರಿಯಾಪದಕ್ಕೆ ಕರ್ತೃ ತಾಯಿಯಲ್ಲ. ಅವಳ ತಾಯಿ, ಅತ್ತೆ, ಅಕ್ಕ, ನೆರೆಮನೆಯ ಅನುಭವಸ್ಥೆ. ಮಗುವನ್ನು ಹೆತ್ತವಳು ಒಂಟಿಯಾಗಿರಬಾರದು, ಅವಳನ್ನು ನೋಡಿಕೊಳ್ಳುವುದು ಸುತ್ತಲಿನವರ ಹೊಣೆ ಎಂಬ ತಿಳಿವಳಿಕೆಯನ್ನು ಭಾಷೆಯೇ ತನ್ನ ಒಡಲಲ್ಲಿಟ್ಟುಕೊಂಡಿದೆ. ಇಂದು ಲೋಕದ ವೈದ್ಯವಿಜ್ಞಾನವು ಸುತ್ತಿ ಬಳಸಿ ಬಂದು ನಿಂತಿರುವುದು ಹೆಚ್ಚು ಕಡಿಮೆ ಇದೇ ತಿಳಿವಳಿಕೆಯ ಬಾಗಿಲಲ್ಲಿ.

ಮಗುವಿಗೆ ಹಾಲೂಡಿಸುವುದು ಪ್ರಕೃತಿಸಹಜವಾದ ಕ್ರಿಯೆ, ಅದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ ಎಂಬ ಭಾವನೆ ಬಹಳ ಜನರಲ್ಲಿದೆ. ಅದು ಅರ್ಧ ಸತ್ಯ ಮಾತ್ರ. ಹಾಲು ಬರುವುದು ಪ್ರಕೃತಿಯ ಕೆಲಸ. ಉಣಿಸುವುದು ಕಲಿತು ಬರಬೇಕಾದ ಕೌಶಲ. ಮಗು ಚೀಪಿದಾಗ ತಾಯಿಯ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎರಡು ರಸಗಳು ರಕ್ತಕ್ಕೆ ಸೇರುತ್ತವೆ. ಪ್ರೊಲ್ಯಾಕ್ಟಿನ್ ಎಂಬುದು ಹಾಲನ್ನು ತಯಾರಿಸುತ್ತದೆ. ಆಕ್ಸಿಟೋಸಿನ್ ಎಂಬುದು ತಯಾರಾದ ಹಾಲನ್ನು ಹೊರಕ್ಕೆ ಹರಿಸುತ್ತದೆ. ಎದೆ ಬರಿದಾದಷ್ಟೂ ಮತ್ತೆ ತುಂಬುತ್ತದೆ. ಬರಿದಾಗದೆ ಉಳಿದರೆ ಉತ್ಪಾದನೆ ತಗ್ಗುತ್ತದೆ. ಮೊಗೆದಷ್ಟೂ ಊರುವ ಒರತೆಯ ನಿಯಮವೇ ಇಲ್ಲಿಯೂ. ಆದರೆ ಆಕ್ಸಿಟೋಸಿನ್ನಿಗೆ ಇನ್ನೊಂದು ಗುಣವಿದೆ. ಅಂಜಿಕೆ, ನೋವು, ಅವಮಾನ, ಆತಂಕ ಇವುಗಳಿಂದ ಅದರ ಹರಿವು ಸ್ವಲ್ಪ ಕಾಲ ತಡೆಯುತ್ತದೆ. ಹಾಲು ಇದ್ದೂ ಇಳಿಯುವುದಿಲ್ಲ. ಅಂದರೆ ತಾಯಿಯ ಮನಸ್ಸಿಗೂ ಮಗುವಿನ ಹೊಟ್ಟೆಗೂ ನೇರವಾದ ನಂಟಿದೆ. ಇದು ಕವಿಯ ಉತ್ಪ್ರೇಕ್ಷೆಯಲ್ಲ, ಶರೀರಶಾಸ್ತ್ರದ ಮಾತು.

ಇದನ್ನು ಅರಿತರೆ ಬಾಣಂತಿಯ ಕೋಣೆಯಲ್ಲಿ ಪದೇ ಪದೇ ಕೇಳಿಬರುವ 'ಹಾಲು ಸಾಲದು' ಎಂಬ ವಾಕ್ಯದ ಬಲ ಎಷ್ಟೆಂಬುದು ತಿಳಿಯುತ್ತದೆ. ಮಗು ಅತ್ತಿತು, ಯಾರೋ ಹಿರಿಯರು ಆ ಮಾತನ್ನು ಅಂದರು. ತಾಯಿ ಕಳವಳಗೊಂಡಳು; ಹಾಲಿಳಿಯುವುದು ತಡವಾಯಿತು; ಮಗು ಇನ್ನಷ್ಟು ಅತ್ತಿತು. ಅಷ್ಟರಲ್ಲಿ ಒಂದು ಬಾಟಲಿ ಬಂತು. ಬಾಟಲಿಯಿಂದ ಹೊಟ್ಟೆ ತುಂಬಿದ ಮಗು ಎದೆಯನ್ನು ಕಡಿಮೆ ಚೀಪಿತು. ಹಾಲು ನಿಜವಾಗಿಯೂ ಕಡಿಮೆಯಾಯಿತು. ಸುಳ್ಳಾಗಿದ್ದ ಮಾತು ಹೀಗೆ ಒಂದೇ ವಾರದಲ್ಲಿ ನಿಜವಾಗುತ್ತದೆ. ಈ ಸರಪಳಿಯ ಕೊಂಡಿಗಳಲ್ಲಿ ಎಲ್ಲಿಯಾದರೂ ಒಂದೆಡೆ, ತಿಳಿದ ಹೆಂಗಸೊಬ್ಬಳು ಪಕ್ಕದಲ್ಲಿ ಕುಳಿತು, 'ಮಗು ದಿನಕ್ಕೆ ಎಷ್ಟು ಬಾರಿ ಉಚ್ಚೆ ಹೊಯ್ಯುತ್ತಿದೆ ಹೇಳು' ಎಂದು ಕೇಳಿದ್ದರೆ ಸಾಕಾಗಿತ್ತು. ಮೊದಲ ಕೆಲವು ದಿನಗಳು ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆಯಾಗುತ್ತಿದ್ದರೆ, ತೂಕ ಏರುತ್ತಿದ್ದರೆ, ಹಾಲು ಸಾಲುತ್ತಿದೆ ಎಂದೇ ಅರ್ಥ. ಅಳುವಿಗೆ ಹಸಿವೊಂದೇ ಕಾರಣವಲ್ಲ.

ಹಾಗಾದರೆ ಹಿಂದಿನ ಬಾಣಂತನವೆಲ್ಲ ಚಿನ್ನವಾಗಿತ್ತೆ? ಹಾಗೆನ್ನುವಂತಿಲ್ಲ. ಹಸು ಕರು ಹಾಕಿದರೆ ಅದರ ಗಿಣ್ಣುಹಾಲಿಗೆ ಕೇರಿಯವರೆಲ್ಲ ಕಾದು ಕುಳಿತಿರುತ್ತಾರೆ. ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಕಾಯಿಸುತ್ತಾರೆ. ಆದರೆ ಹೆತ್ತ ತಾಯಿಯ ಎದೆಯಲ್ಲಿ ಇಳಿಯುವ ಅದೇ ಬಗೆಯ ಹಳದಿ ಬಣ್ಣದ ಮಂದವಾದ ಮೊದಲ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವುದು ಅನೇಕ ಮನೆಗಳಲ್ಲಿ ರೂಢಿಯಾಗಿತ್ತು. ರೋಗನಿರೋಧಕ ಶಕ್ತಿಯ ಗಣಿಯಂತಿರುವ ಆ ಹಾಲಿನ ಬದಲಿಗೆ ಸಕ್ಕರೆ ನೀರು, ಜೇನುತುಪ್ಪ, ತೇಯ್ದ ಬಜೆ ಮಗುವಿನ ಬಾಯಿಗೆ ಹೋಗುತ್ತಿದ್ದವು. ಒಂದು ವರ್ಷ ತುಂಬುವ ಮೊದಲು ಜೇನು ಕೊಡುವುದು ಅಪಾಯವೆಂದು ಇಂದು ವೈದ್ಯರು ಹೇಳುತ್ತಾರೆ. ಬೇಸಗೆಯಲ್ಲಿ ನೀರು ಬೇಡವೆ ಎಂಬ ಪ್ರಶ್ನೆಯೂ ಅನಗತ್ಯ. ಎದೆಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರೇ ಇದೆ. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಗೆ ಹಚ್ಚಬೇಕು, ಆರು ತಿಂಗಳವರೆಗೆ ಎದೆಹಾಲಲ್ಲದೆ ಮತ್ತೇನೂ ಬೇಡ, ಆಮೇಲೆ ಮೆತ್ತನೆಯ ಅನ್ನಾಹಾರದೊಂದಿಗೆ ಎರಡು ವರ್ಷ ಮತ್ತು ಅದರಾಚೆಗೂ ಹಾಲೂಡಿಸಬಹುದು: ವಿಶ್ವ ಆರೋಗ್ಯ ಸಂಸ್ಥೆಯ ಉಪದೇಶದ ಸಾರ ಇಷ್ಟೇ.

ಹಳೆಯ ಬಾಣಂತನದ ದೋಷ ತಿದ್ದುವುದಕ್ಕೆ ಮೊದಲೇ ಡಬ್ಬಿಹಾಲಿನ ವ್ಯಾಪಾರ ಬಂದಿತು. 1939ರಲ್ಲಿ ಸಿಂಗಪುರದ ರೋಟರಿ ಕ್ಲಬ್ಬಿನಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಮಾತನಾಡುತ್ತ, ಎದೆಹಾಲು ಬಿಡಿಸಿ ಎಳೆಯ ಕೂಸುಗಳಿಗೆ ಸಿಹಿಗೊಳಿಸಿದ ಡಬ್ಬಿಹಾಲು ಕುಡಿಸುವ ಪ್ರಚಾರದಿಂದ ಆಗುತ್ತಿದ್ದ ಸಾವುಗಳನ್ನು ಕೊಲೆಯೆಂದೇ ಕರೆದರು. ಆ ಎಚ್ಚರಿಕೆಗೆ ಲೋಕ ಕಿವಿಗೊಡಲು ನಾಲ್ಕು ದಶಕಗಳು ಹಿಡಿದವು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಡಬ್ಬಿಹಾಲಿನ ಮಾರಾಟಕ್ಕೆ ಅಂತರರಾಷ್ಟ್ರೀಯ ನೀತಿಸಂಹಿತೆಯೊಂದನ್ನು ಅಂಗೀಕರಿಸಿತು. ಅಂದು ವಿರೋಧವಾಗಿ ಬಿದ್ದದ್ದು ಒಂದೇ ಮತ, ಅದು ಅಮೆರಿಕದ್ದು. ನಮ್ಮ ದೇಶದಲ್ಲಿ 1992ರಲ್ಲಿ ಇದಕ್ಕೆಂದೇ ಕಾನೂನಾಯಿತು; 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. ಆದರೆ ಕಾನೂನು ತಪ್ಪು ಸಲಹೆಯನ್ನು ತಡೆಯಬಲ್ಲುದೇ ಹೊರತು, ನಡುರಾತ್ರಿ ಎರಡು ಗಂಟೆಗೆ ಅಳುವ ಮಗುವನ್ನು ಎತ್ತಿಕೊಂಡು ಕುಳಿತ ತಾಯಿಗೆ ಒಳ್ಳೆಯ ಸಲಹೆಯನ್ನು ತಂದು ಕೊಡಲಾರದು.

ಆಸ್ಪತ್ರೆ ಕೊಡುತ್ತದೆಯೆ? 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ನಮ್ಮ ದೇಶದ ಹೆರಿಗೆಗಳಲ್ಲಿ ನೂರಕ್ಕೆ ಸುಮಾರು 89 ಆಸ್ಪತ್ರೆಗಳಲ್ಲಿಯೇ ಆಗುತ್ತಿದ್ದವು. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಕಂಡ ಮಕ್ಕಳು ನೂರಕ್ಕೆ ಸುಮಾರು 42 ಮಾತ್ರ. ವೈದ್ಯರು, ದಾದಿಯರು, ಔಷಧ ಎಲ್ಲ ಕೈಗೆಟುಕುವ ದೂರದಲ್ಲಿದ್ದ ಆ ಒಂದು ಗಂಟೆಯಲ್ಲಿಯೇ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಹಾಲು ತಪ್ಪಿತು. ಆರು ತಿಂಗಳೊಳಗಿನ ಮಕ್ಕಳಲ್ಲಿ ಎದೆಹಾಲನ್ನು ಮಾತ್ರ ಕುಡಿಯುತ್ತಿದ್ದವರು ನೂರಕ್ಕೆ ಸುಮಾರು 64. ಕಟ್ಟಡಗಳು ಬಂದವು, ಪಕ್ಕದಲ್ಲಿ ಕುಳಿತುಕೊಳ್ಳುವವರು ಬರಲಿಲ್ಲ.

ಈ ಕೊರತೆಯನ್ನು ತುಂಬುವ ಯತ್ನ ಮೊದಲು ಹುಟ್ಟಿದ್ದು ಆಸ್ಪತ್ರೆಗಳಲ್ಲಿ ಅಲ್ಲ. 1956ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಏಳು ಮಂದಿ ತಾಯಂದಿರು ಕೂಡಿ 'ಲಾ ಲೆಚೆ ಲೀಗ್' ಎಂಬ ಸಂಘ ಕಟ್ಟಿದರು. ಬಾಟಲಿಯೇ ನಾಗರಿಕತೆಯ ಲಕ್ಷಣವಾಗಿದ್ದ ಕಾಲ ಅದು. ಹಾಲೂಡಿಸಿ ಅನುಭವವಿದ್ದ ತಾಯಿ ಹೊಸ ತಾಯಿಗೆ ನೆರವಾಗುವುದು, ಇಷ್ಟೇ ಅವರ ಸೂತ್ರ. ಇದನ್ನು 'ಸಮಾನಸಖಿಯ ಸಲಹೆ' ಎಂದು ಕರೆಯೋಣ. ಸಲಹೆ ಕೊಡುವವಳು ಪಂಡಿತೆಯಲ್ಲ. ಕೇಳುವವಳ ಕೇರಿಯವಳೇ, ಅವಳಂಥದೇ ಮನೆಯವಳೇ. ನಿನ್ನೆ ತಾನು ದಾಟಿದ ಹೊಳೆಯನ್ನು ಇಂದು ಇನ್ನೊಬ್ಬಳಿಗೆ ದಾಟಿಸುವವಳು.

ಈ ಸೂತ್ರವನ್ನು ಕಟ್ಟುನಿಟ್ಟಾಗಿ ಒರೆಗೆ ಹಚ್ಚಿ ನೋಡಿದ ಒಂದು ಪ್ರಯೋಗ ನಮ್ಮ ನೆರೆಯ ಢಾಕಾ ನಗರದಲ್ಲಿ ನಡೆಯಿತು. ರುಖ್ಸಾನಾ ಹೈದರ್ ಮತ್ತು ಅವರ ಸಹೋದ್ಯೋಗಿಗಳು ಅದರ ವರದಿಯನ್ನು 2000ದಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ನಗರದ ನಲವತ್ತು ವಲಯಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡಗಳಾಗಿ ವಿಂಗಡಿಸಲಾಯಿತು. ಒಂದು ಪಂಗಡದಲ್ಲಿ, ಸ್ವತಃ ಹಾಲೂಡಿಸಿ ಅನುಭವವಿದ್ದ ಸ್ಥಳೀಯ ಹೆಂಗಸರಿಗೆ ಹತ್ತು ದಿನಗಳ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದರು. ಗರ್ಭಿಣಿಯಾಗಿದ್ದಾಗಿನಿಂದ ಹಿಡಿದು ಮಗುವಿಗೆ ಐದು ತಿಂಗಳಾಗುವವರೆಗೆ ಒಟ್ಟು ಹದಿನೈದು ಭೇಟಿಗಳು. ಐದನೆಯ ತಿಂಗಳಲ್ಲಿ ನೋಡಿದಾಗ, ಸಖಿಯರು ಹೋದ ಮನೆಗಳಲ್ಲಿ ನೂರಕ್ಕೆ 70 ಮಕ್ಕಳು ಎದೆಹಾಲೊಂದನ್ನೇ ಕುಡಿಯುತ್ತಿದ್ದವು. ಹೋಗದ ಮನೆಗಳಲ್ಲಿ ನೂರಕ್ಕೆ 6. ಔಷಧವಿಲ್ಲ, ಯಂತ್ರವಿಲ್ಲ, ಒಬ್ಬ ಹೆಂಗಸು ಇನ್ನೊಬ್ಬಳ ಮನೆಗೆ ಹೋಗಿ ಕುಳಿತಳು, ಅಷ್ಟೆ. ಅದಕ್ಕೆ ಹಿಂದಿನ ವರ್ಷ ಮೆಕ್ಸಿಕೋ ನಗರದ ಅಂಚಿನ ಬಡಾವಣೆಯೊಂದರಿಂದಲೂ ಇಂಥದೇ ಸುದ್ದಿ ಬಂದಿತ್ತು. ಮೂರು ತಿಂಗಳ ಮಕ್ಕಳಲ್ಲಿ, ಆರು ಭೇಟಿ ಪಡೆದವರ ಪೈಕಿ ನೂರಕ್ಕೆ 67, ಮೂರು ಭೇಟಿ ಪಡೆದವರ ಪೈಕಿ 50, ಭೇಟಿಯೇ ಇಲ್ಲದವರ ಪೈಕಿ 12. ಹೆಜ್ಜೆಗಳು ಹೆಚ್ಚಿದಂತೆ ಫಲವೂ ಹೆಚ್ಚಿತು.

ಆ ಸಖಿ ಹೋಗಿ ಮಾಡುವುದಾದರೂ ಏನು? ಮೊದಲು ಕೇಳಿಸಿಕೊಳ್ಳುತ್ತಾಳೆ. ಉಪದೇಶ ಆಮೇಲೆ. ಮಗುವನ್ನು ಹಿಡಿದ ಬಗೆಯನ್ನು ನೋಡುತ್ತಾಳೆ. ಬಾಯಿ ಅಗಲವಾಗಿ ತೆರೆದಿದೆಯೆ, ಗಲ್ಲ ಎದೆಗೆ ತಾಗಿದೆಯೆ, ತೊಟ್ಟು ಮಾತ್ರವಲ್ಲದೆ ಅದರ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಿದೆಯೆ ಎಂದು ಗಮನಿಸುತ್ತಾಳೆ. ತೊಟ್ಟು ಬಿರಿದು ನೋವಾಗುವುದು ಬಹುಪಾಲು ಈ ಹಿಡಿತದ ತಪ್ಪಿನಿಂದಲೇ. ಅತ್ತೆಯನ್ನೂ ಗಂಡನನ್ನೂ ಕೂರಿಸಿಕೊಂಡು ಮಾತನಾಡುತ್ತಾಳೆ. ಏಕೆಂದರೆ ಬಾಟಲಿ ತರುವ ತೀರ್ಮಾನ ಎಷ್ಟೋ ಸಲ ತಾಯಿಯದಲ್ಲ. ಜ್ವರ, ಎದೆಯ ಬಾವು, ಮಗುವಿನ ತೂಕ ಏರದಿರುವುದು ಇಂಥವು ಕಂಡರೆ ತನ್ನ ಮಿತಿಯನ್ನರಿತು ವೈದ್ಯರ ಬಳಿಗೆ ಕಳಿಸುತ್ತಾಳೆ.

ಎಲ್ಲೆಡೆಯೂ ಫಲ ಒಂದೇ ಆಗಲಿಲ್ಲವೆಂಬುದನ್ನೂ ಹೇಳಬೇಕು. 2011ರಲ್ಲಿ ಆಫ್ರಿಕದ ಮೂರು ದೇಶಗಳ ಪ್ರಯೋಗದ ವರದಿ ಬಂತು. ಬುರ್ಕಿನಾ ಫಾಸೊ ಮತ್ತು ಉಗಾಂಡಗಳಲ್ಲಿ ಸಖಿಯರಿಂದ ದೊಡ್ಡ ಬದಲಾವಣೆಯಾಯಿತು. ದಕ್ಷಿಣ ಆಫ್ರಿಕದಲ್ಲಿ ಮಾತ್ರ ಹನ್ನೆರಡು ವಾರಗಳ ಹೊತ್ತಿಗೆ ನೂರಕ್ಕೆ 6 ಇದ್ದುದು 10 ಆಯಿತು, ಅಷ್ಟೆ. ಒಂದೇ ಬೀಜ ಎಲ್ಲ ನೆಲದಲ್ಲಿಯೂ ಒಂದೇ ಬೆಳೆ ಕೊಡುವುದಿಲ್ಲ.

ಇನ್ನು ಮೊಬೈಲ್ ಫೋನಿನ ಮಾತು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಗರ್ಭಿಣಿಯಾಗಿದ್ದಾಗ ಗಂಡನ ಊರಿನ ಆಶಾ ಕಾರ್ಯಕರ್ತೆಯ ಪರಿಚಯ. ಹೆರಿಗೆ ಇನ್ನೊಂದು ಊರಿನಲ್ಲಿ. ಮೂರನೆಯ ತಿಂಗಳಿಗೋ ಐದನೆಯ ತಿಂಗಳಿಗೋ ಮತ್ತೆ ಗಂಡನ ಮನೆ. ಮನೆಮನೆಗೆ ಬರುವ ಸಖಿ ಈ ಓಡಾಟದಲ್ಲಿ ಕೈತಪ್ಪಿಹೋಗುತ್ತಾಳೆ. ಫೋನು ಮಾತ್ರ ತಾಯಿಯ ಜೊತೆಗೇ ಹೋಗುತ್ತದೆ. ನಾಗಪುರದ ನಾಲ್ಕು ಆಸ್ಪತ್ರೆಗಳಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರ ನಡುವೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಾದ ಸಲಹೆಗಾರ್ತಿಯರು ವಾರಕ್ಕೊಮ್ಮೆ ಫೋನಿನಲ್ಲಿ ಮಾತನಾಡಿದರು. ದಿನವೂ ಒಂದು ಸಂದೇಶ ಕಳಿಸಿದರು. ಆರು ತಿಂಗಳ ಹೊತ್ತಿಗೆ ಆ ತಾಯಂದಿರಲ್ಲಿ ನೂರಕ್ಕೆ 97 ಮಂದಿ ಎದೆಹಾಲೊಂದನ್ನೇ ಕೊಡುತ್ತಿರುವುದಾಗಿ ಹೇಳಿದರು. ಫೋನು ಬಾರದವರಲ್ಲಿ ಸುಮಾರು ಅರ್ಧದಷ್ಟು ಮಂದಿ. ಆದರೆ ಹುಟ್ಟಿದ ಮೊದಲ ಗಂಟೆಯಲ್ಲಿ ಹಾಲೂಡಿಸುವುದರಲ್ಲಿ ಆ ಕರೆಗಳಿಂದ ಯಾವ ಸುಧಾರಣೆಯೂ ಆಗಲಿಲ್ಲ. ಅದು ಸಹಜವೇ. ಆ ಗಂಟೆಯಲ್ಲಿ ಮಗುವನ್ನೆತ್ತಿ ತಾಯಿಯ ಎದೆಗಿಡಬೇಕಾದದ್ದು ಹೆರಿಗೆ ಕೋಣೆಯಲ್ಲಿರುವ ಕೈ, ಫೋನಿಗೆ ಕೈಯಿಲ್ಲ.

ನೈಜೀರಿಯದ ಬೌಚಿ ರಾಜ್ಯದ ಉದಾಹರಣೆ ಇನ್ನೂ ಸ್ವಾರಸ್ಯವಾದದ್ದು. ಅಲ್ಲಿ ಸಣ್ಣ ಸಾಲದ ಸಂಘಗಳ ಹೆಂಗಸರು ತಿಂಗಳ ಸಭೆಯಲ್ಲಿ ಹಾಲೂಡಿಸುವ ವಿಷಯ ಚರ್ಚಿಸುತ್ತಿದ್ದರು. ಪ್ರತಿ ಸಣ್ಣ ಗುಂಪಿಗೆ ಒಂದು ಫೋನು. ಅದಕ್ಕೆ ಬಂದ ಸಂದೇಶವನ್ನು ಎಲ್ಲರೂ ಹಂಚಿಕೊಂಡು, ಅದರ ಮೇಲೆ ಹಾಡನ್ನೋ ಪುಟ್ಟ ನಾಟಕವನ್ನೋ ಕಟ್ಟುತ್ತಿದ್ದರು. ಅಲ್ಲಿ ಆರು ತಿಂಗಳು ಪೂರ್ತಿ ಎದೆಹಾಲನ್ನೇ ಕೊಟ್ಟವರು ನೂರಕ್ಕೆ 64; ಇಂಥ ಏರ್ಪಾಡಿಲ್ಲದ ಗುಂಪುಗಳಲ್ಲಿ 43. ಯಂತ್ರ ತಂದ ಮಾತನ್ನು ಅವರು ಮತ್ತೆ ಮನುಷ್ಯರ ಬಾಯಿಗೆ ಹಿಂದಿರುಗಿಸಿದರು. ನಮ್ಮ ದೇಶದಲ್ಲಿ 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಕಿಲ್ಕಾರಿ' ಯೋಜನೆಯೂ ಓದು ಬಾರದವರನ್ನು ನೆನೆದು ಧ್ವನಿಯನ್ನೇ ನಂಬಿತು. ಗರ್ಭದ ನಾಲ್ಕನೆಯ ತಿಂಗಳಿನಿಂದ ಮಗುವಿಗೆ ವರ್ಷ ತುಂಬುವವರೆಗೆ ವಾರಕ್ಕೊಂದರಂತೆ 72 ಧ್ವನಿಸಂದೇಶಗಳು. ಬಾನುಲಿಯನ್ನು ಕೇಳಿ ಬೆಳೆದವರಿಗೆ ಧ್ವನಿಯ ಬಲ ಏನೆಂದು ಹೇಳಬೇಕಾಗಿಲ್ಲ. ಆದರೆ ಬಾನುಲಿಯ ಕೊರತೆಯೂ ಅದಕ್ಕಿದೆ: ಅದು ಹೇಳುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಅಲ್ಲದೆ, ಅನೇಕ ಮನೆಗಳಲ್ಲಿ ಫೋನು ಇರುವುದು ಗಂಡನ ಜೇಬಿನಲ್ಲಿ. ತಾಯಿಗೆ ಬಂದ ಕರೆ ಹೊಲದಲ್ಲೋ ಅಂಗಡಿಯಲ್ಲೋ ಮೊಳಗಿ ಸುಮ್ಮನಾಗುತ್ತದೆ.

ಕಡೆಯದಾಗಿ ಎರಡು ಮಾತು. ಸಖಿಯ ಕೆಲಸವನ್ನು ಪುಣ್ಯಕಾರ್ಯವೆಂದು ಹೊಗಳಿ, ಕೂಲಿ ಕೊಡುವಾಗ ಕೈ ಬಿಗಿಹಿಡಿಯುವುದು ನ್ಯಾಯವಲ್ಲ. 2011ರಿಂದ, ಆಸ್ಪತ್ರೆಯಲ್ಲಿ ಹೆತ್ತು ಬಂದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ ಆರು ವಾರಗಳಲ್ಲಿ ಆರು ಸಲ ಹೋಗಬೇಕೆಂಬ ಏರ್ಪಾಡು ನಮ್ಮಲ್ಲಿದೆ. ಆ ಆರು ಭೇಟಿಗಳು ತೂಕದ ಪುಸ್ತಕ ತುಂಬಿಸುವ ಭೇಟಿಗಳಾಗದೆ, ಕುಳಿತು ಕೇಳುವ ಭೇಟಿಗಳಾಗಬೇಕಾದರೆ ಅವಳಿಗೆ ಸಮಯ, ತರಬೇತಿ, ತಕ್ಕ ಸಂಭಾವನೆ ಮೂರೂ ಬೇಕು. ಎರಡನೆಯದು ಇನ್ನೂ ಮುಖ್ಯ. ಹಾಲೂಡಿಸಲಾಗದ ತಾಯಂದಿರೂ ಇದ್ದಾರೆ. ಕೆಲವರಿಗೆ ಕಾಯಿಲೆ, ಹಲವರಿಗೆ ದುಡಿಮೆ. 2017ರಲ್ಲಿ ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿದ ಕಾನೂನಿನ ನೆರಳು ಹೊಲದಲ್ಲಿ ಕಳೆ ಕೀಳುವವಳ ಮೇಲೂ, ಕಟ್ಟಡಕ್ಕೆ ಇಟ್ಟಿಗೆ ಹೊರುವವಳ ಮೇಲೂ ಬೀಳಲಿಲ್ಲ. ಅಂಥವಳ ಮುಂದೆ ತಾಯಿಹಾಲಿನ ಮಹಿಮೆಯನ್ನು ಕೊಂಡಾಡಿದರೆ ಅದು ಅವಳ ಗಾಯಕ್ಕೆ ಉಪ್ಪು ಸವರಿದಂತೆ. ತಪ್ಪು ಹೊರಿಸದೆ ಜೊತೆ ನಿಲ್ಲುವುದೇ ಸಖಿಯ ಮೊದಲ ಪಾಠ.

ಹಳೆಯ ಬಾಣಂತನವನ್ನು ಅದರ ಕತ್ತಲೆ ಕೋಣೆಯೊಂದಿಗೆ, ಚೆಲ್ಲಿದ ಗಿಣ್ಣಿನೊಂದಿಗೆ ಮರಳಿ ತರಬೇಕಾಗಿಲ್ಲ. ತರಬೇಕಾದದ್ದು ಆ ಕ್ರಿಯಾಪದವನ್ನು ಮಾತ್ರ. ಬಾಣಂತನ 'ಮಾಡುವ' ಹೊಣೆ ಹೆತ್ತವಳದಲ್ಲ, ಸುತ್ತ ಇರುವ ನಮ್ಮೆಲ್ಲರದು. ಅದನ್ನು ಕಾಲ್ನಡಿಗೆಯಲ್ಲಿ ಬಂದು ಮಾಡಿದರೂ ಸರಿ, ತಂತಿಯಿಲ್ಲದ ಫೋನಿನಲ್ಲಿ ಮಾಡಿದರೂ ಸರಿ.