ಬೇಸಿಗೆ ಶಿಬಿರಕ್ಕೆ ಹೋಗಿದ್ದೆವು

ಬೇಸಿಗೆ ರಜೆ ಬಂತು. ಹಾಸ್ಟೆಲಿನ ಮಕ್ಕಳು ಚೀಲ ಕಟ್ಟಿಕೊಂಡು ಊರಿಗೆ ಹೊರಟರು. ಕೆಲವು ಮಕ್ಕಳು ಮಾತ್ರ ಹೊರಡಲಿಲ್ಲ. ಅವರಿಗೆ ಅಪ್ಪ ಇಲ್ಲ, ಅಮ್ಮ ಇಲ್ಲ. ಕರೆದುಕೊಂಡು ಹೋಗುವವರೂ ಇಲ್ಲ. ಅವರಲ್ಲಿ ಕೆಲವರಿಗೆ ಕಣ್ಣು ಕಾಣುವುದಿಲ್ಲ. ಕೆಲವರಿಗೆ ಕಿವಿ ಕೇಳುವುದಿಲ್ಲ. ಇನ್ನು ಕೆಲವರಿಗೆ ಕೈಕಾಲಿನಲ್ಲಿ ಹಿಡಿತ ಇಲ್ಲ.

ಇಂಥ ಮಕ್ಕಳಿಗಾಗಿ ಮೇ ತಿಂಗಳಲ್ಲಿ ಹತ್ತು ದಿನದ ಶಿಬಿರ ನಡೆಯಿತು. ಶಿಬಿರ ಅಂದರೆ ಒಂದೇ ಕಡೆ ಇದ್ದು, ಉಂಡು, ಆಡಿ, ಹಾಡಿ ಕಲಿಯುವುದು. ನಮ್ಮ ಕಲಿಕಾ ಕೇಂದ್ರದಿಂದ ಆರು ಮಂದಿ ಅಕ್ಕಂದಿರ ಜೊತೆ ನಾವೂ ಸ್ವಯಂಸೇವಕರಾಗಿ ಹೋದೆವು. ಸ್ವಯಂಸೇವಕರು ಅಂದರೆ ಸಂಬಳ ಇಲ್ಲದೆ ತಾವಾಗಿಯೇ ಕೆಲಸಕ್ಕೆ ಬರುವವರು.

“ನಮಗೇನು ಬರುತ್ತೆ ಟೀಚರ್? ನಾವೇ ಈಗ ಅಕ್ಷರ ಕಲಿತವರು” ಎಂದು ಅಕ್ಕಂದಿರು ಹಿಂಜರಿದರು. ರೊಟ್ಟಿ ತಟ್ಟೋಕೆ ಬರುತ್ತಲ್ಲ! ಅಲ್ಲಿ ಅದೇ ಪಾಠ ಆಯಿತು. ಬೆರಳು ಬಿಗಿದ ಮಕ್ಕಳು ಹಿಟ್ಟು ನಾದಿದರು. ಬೆರಳಿಗೆ ಅದು ಒಳ್ಳೆಯ ವ್ಯಾಯಾಮ. ರೊಟ್ಟಿ ಓರೆಕೋರೆ ಆಯಿತು. ಆದರೂ ಒಂದೂ ಉಳಿಯಲಿಲ್ಲ.

ಮೊದಲ ದಿನ ನಾವೆಲ್ಲ “ಅಯ್ಯೋ ಪಾಪ” ಅಂದೆವು. ಒಬ್ಬ ಹುಡುಗ ಸಿಟ್ಟಾಗಿ ಮುಖ ತಿರುಗಿಸಿದ. ಆಮೇಲೆ ಆ ಮಾತು ಬಿಟ್ಟೆವು.

ಕಣ್ಣು ಕಾಣದ ಮಗುವನ್ನು ಕೈ ಹಿಡಿದು ಎಳೆಯಬಾರದು. ಮಗುವೇ ನಮ್ಮ ಮೊಣಕೈ ಹಿಡಿದುಕೊಳ್ಳಲಿ. ನಾವು ಅರ್ಧ ಹೆಜ್ಜೆ ಮುಂದೆ ನಡೆಯಬೇಕು. “ಮೆಟ್ಟಿಲು ಬಂತು” ಎಂದು ಬಾಯಲ್ಲಿ ಹೇಳಬೇಕು. ಆಟಕ್ಕೆ ಚೆಂಡಿಗೆ ಗೆಜ್ಜೆ ಕಟ್ಟಿದೆವು. ಸದ್ದು ಕೇಳಿ ಮಕ್ಕಳು ಹಿಡಿದರು. ಕಿವಿ ಕೇಳದ ಮಗುವಿಗೆ ಬೆನ್ನ ಹಿಂದಿನಿಂದ ಕೂಗಿದರೆ ಪ್ರಯೋಜನ ಇಲ್ಲ. ಎದುರಿಗೆ, ಬೆಳಕಿನಲ್ಲಿ ನಿಂತು ಮಾತಾಡಬೇಕು.

ಊಟ ಮಾಡಿಸುವಾಗ ನಮ್ಮಿಂದ ಒಂದು ತಪ್ಪು ಆಯಿತು. ಮಿದುಳಿನ ತೊಂದರೆಯಿಂದ ಕೈಕಾಲು ಸೆಟೆದುಕೊಂಡ ಒಂದು ಹುಡುಗಿಯನ್ನು ತೊಡೆಯ ಮೇಲೆ ಮಲಗಿಸಿ ಅನ್ನ ತಿನ್ನಿಸಿದೆವು. ನಮ್ಮ ಮಕ್ಕಳಿಗೆ ಹಾಗೇ ತಾನೆ ತಿನ್ನಿಸೋದು? ಆಕೆಗೆ ನೆತ್ತಿಗೆ ಹತ್ತಿತು. ಕೆಮ್ಮಿ ಕೆಮ್ಮಿ ಮುಖ ಕಪ್ಪಿಟ್ಟಿತು. ಅಲ್ಲಿದ್ದ ನರ್ಸ್ ಓಡಿ ಬಂದರು. ಮಗು ಉಳಿಯಿತು. ನಮಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಇಂಥ ಮಗುವನ್ನು ನೆಟ್ಟಗೆ ಕೂರಿಸಬೇಕು. ತಲೆ ಹಿಂದಕ್ಕೆ ಬಾಗಬಾರದು, ಸ್ವಲ್ಪ ಮುಂದಕ್ಕೆ ಇರಬೇಕು. ಸಣ್ಣ ಸಣ್ಣ ತುತ್ತು ಕೊಡಬೇಕು. ಒಂದು ನುಂಗಿದ ಮೇಲೇ ಇನ್ನೊಂದು. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು.

ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವ ರೂಢಿ ಇದೆ. ಅದರಿಂದ ಫಿಟ್ಸ್ ನಿಲ್ಲುವುದಿಲ್ಲ. ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಆಸ್ಪತ್ರೆಗೆ ಸಾಗಿಸಿ.

ಸಂಜೆ ಓದಿನ ಹೊತ್ತು. ಕಣ್ಣು ಕಾಣದ ಹುಡುಗಿಯೊಬ್ಬಳು ಬ್ರೈಲ್ ಪುಸ್ತಕ ತಂದಳು. ಬ್ರೈಲ್ ಅಂದರೆ ಉಬ್ಬಿದ ಚುಕ್ಕೆಗಳ ಲಿಪಿ. ಆರು ಚುಕ್ಕೆಗಳಲ್ಲೇ ಎಲ್ಲ ಅಕ್ಷರ ಬರೆಯಬಹುದು. ಕನ್ನಡವನ್ನೂ ಬರೆಯಬಹುದು. ಫ್ರಾನ್ಸ್ ದೇಶದ ಲೂಯಿ ಬ್ರೈಲ್ ಇದನ್ನು ಕಂಡುಹಿಡಿದರು. ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ನಮ್ಮ ಅಕ್ಕ ಒಬ್ಬರು ತಮ್ಮ ಪುಸ್ತಕ ತೆಗೆದರು. ಆಕೆ ಬೆರಳಲ್ಲಿ, ಇವರು ಕಣ್ಣಲ್ಲಿ. ಇಬ್ಬರೂ ಕೂಡಿಸಿ ಕೂಡಿಸಿ ಓದಿದರು. ಯಾರು ಮುಂದೆ ಅಂತ ಪೈಪೋಟಿ ಬೇರೆ!

ಕೊನೆಯ ದಿನ ಆ ಹುಡುಗಿ ಸೆರಗು ಬಿಡಲಿಲ್ಲ. “ಮುಂದಿನ ಸೋಮವಾರ ಬರ್ತೀನಿ ಕಣವ್ವಾ” ಎಂದು ಅಕ್ಕ ಹೇಳಿಬಿಟ್ಟರು. ಸೋಮವಾರ ಕಳೆ ಕೀಳುವ ಕೆಲಸ ಬಂತು. ಹೋಗಲಾಗಲಿಲ್ಲ. ಹುಡುಗಿ ಇಡೀ ದಿನ ಗೇಟಿನ ಹತ್ತಿರ ಕೂತಿದ್ದಳಂತೆ. ಕೇಳಿ ಅಕ್ಕ ಅತ್ತರು. ನಾಲ್ಕು ಸಾಲಿನ ಕಾಗದ ಬರೆದರು. ಬರಲಾಗಲಿಲ್ಲ, ತಪ್ಪಾಯಿತು ಅಂತ ಬರೆದರು. ಅವರ ಜೀವಮಾನದ ಮೊದಲ ಕಾಗದ ಅದು. ಈ ಮಕ್ಕಳನ್ನು ಬಿಟ್ಟುಹೋದವರು ಮೊದಲೇ ಬಹಳ ಮಂದಿ. ಆಗದ ಮಾತು ಕೊಡಬೇಡಿ. “ಇನ್ನು ಮೂರು ದಿನ ಇರ್ತೀವಿ, ಆಮೇಲೆ ಹೊರಡ್ತೀವಿ” ಎಂದು ಮೊದಲೇ ಹೇಳಿ.

ಅಂಗವಿಕಲ ಮಕ್ಕಳಿಗೂ ಶಾಲೆಯ ಹಕ್ಕು ಇದೆ. ಅಂಗವೈಕಲ್ಯ ಶೇಕಡ 40 ಅಥವಾ ಹೆಚ್ಚು ಇದ್ದರೆ, 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಕೊಡಬೇಕೆಂದು 2016ರ ಕಾಯ್ದೆ ಹೇಳುತ್ತದೆ. ದಿಕ್ಕಿಲ್ಲದ ಮಗು ಕಂಡರೆ 1098ಕ್ಕೆ ಫೋನ್ ಮಾಡಿ. ಕರೆಗೆ ದುಡ್ಡಿಲ್ಲ.

ಬರುವ ಬೇಸಿಗೆಯಲ್ಲಿ ಮತ್ತೆ ಹೋಗುವ ಯೋಚನೆ ಇದೆ. ನೀವೂ ಬರ್ತೀರಾ? ಕೇಂದ್ರದಲ್ಲಿ ಹೆಸರು ಬರೆಸಿ. ನೀವೇ ಬರೆಯಿರಿ. ಹಳೆಯ ಹತ್ತಿ ಸೀರೆ ಇದ್ದರೆ ಒಗೆದು ತನ್ನಿ. ಊಟದ ಹೊತ್ತಿಗೆ ಮಕ್ಕಳ ಕೊರಳಿಗೆ ಕಟ್ಟೋಕೆ ಬಟ್ಟೆ ಸಾಲುವುದಿಲ್ಲ.