ಕೊಂಡಿ ಸಡಿಲಾದರೆ ಪೇಟಿಗೇ ಪೆಟ್ಟು

ಜತ್ತ: ಆಷಾಢ ಏಕಾದಶಿ ಹತ್ತಿರ ಬಂತೆಂದರೆ ಗಡಿಭಾಗದ ಕನ್ನಡ ಹಳ್ಳಿಗಳಲ್ಲಿ ಅಟ್ಟದ ಮೇಲಿದ್ದ ಪೇಟಿ, ಪಖವಾಜು, ವೀಣೆ ಕೆಳಗಿಳಿಯುತ್ತವೆ. ಪಂಢರಪುರದ ದಿಂಡಿ ಮುಗಿದರೆ ಶ್ರಾವಣದ ಭಜನೆ, ಅದರ ಬೆನ್ನಿಗೇ ಗಣಪತಿ ಹಬ್ಬ. ಟೆಂಪೊ, ಎಸ್‌ಟಿ ಬಸ್ಸು, ಕೆಲವು ಕಡೆ ಮೋಟಾರ್ ಸೈಕಲ್ಲು ಎಂದು ವಾದ್ಯಗಳಿಗೆ ಓಡಾಟವೋ ಓಡಾಟ. ಹೀಗೆ ಓಡಾಡುವಾಗ ವಾದ್ಯವನ್ನು ಕಾಯುವುದು ಅದರ ಪೆಟ್ಟಿಗೆ. ಪೆಟ್ಟಿಗೆಯನ್ನು ಕಾಯುವುದು ಬೆರಳುದ್ದದ ಒಂದು ಕೊಂಡಿ.

‘ಪೇಟಿ ಚಲೋ ಐತಿ, ಡಬ್ಬಿ ಹೆಂಗಿದ್ರೇನು’ ಎನ್ನುವ ಮಾತು ಭಜನಾ ಮಂಡಳಿಗಳಲ್ಲಿ ಹೊಸದಲ್ಲ. ವರ್ಗಣಿ ಕೂಡಿಸಿ ಸಾವಿರಾರು ರೂಪಾಯಿಯ ಹಾರ್ಮೋನಿಯಂ ತರುತ್ತಾರೆ. ಕೊಂಡಿ ಸಡಿಲಾದರೆ ಮಾತ್ರ ಸುತಳಿ ಸುತ್ತಿ ಸುಮ್ಮನಾಗುತ್ತಾರೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಪೇಟಿ ಬಿದ್ದ ಮೇಲೆ ಕೊಂಡಿಯ ನೆನಪಾಗುತ್ತದೆ.

ಭಾರವೆಲ್ಲ ಕೊಂಡಿಯ ಮೇಲೆ

ಹಲವು ಪೇಟಿಗಳಲ್ಲಿ ಹಿಡಿಕೆ ಇರುವುದು ಮೇಲಿನ ಮುಚ್ಚಳಕ್ಕೆ. ಎತ್ತಿದಾಗ ಕೆಳಗಿನ ವಾದ್ಯದ ಭಾರವೆಲ್ಲ ಎರಡು ಬದಿಯ ಕೊಂಡಿಗಳ ಮೇಲೆ ಜೋತು ಬೀಳುತ್ತದೆ. ಒಂದು ಕೊಂಡಿ ಬಿಚ್ಚಿಕೊಂಡರೂ ಪೇಟಿ ವಾರೆಯಾಗಿ ನೆಲಕ್ಕೆ ಬೀಳುತ್ತದೆ. ಮನೆಗಳು ಒಡೆಯುತ್ತವೆ, ಭಾತೆ ಕಿತ್ತು ಗಾಳಿ ಸೋರುತ್ತದೆ.

ತಂಬೂರಿಯದು ಇನ್ನೂ ನಾಜೂಕು. ಅದರ ಬುರುಡೆ ಪಂಢರಪುರ ಸೀಮೆಯಲ್ಲಿ ಬೆಳೆಯುವ ಭೋಪಳಾ. ಒಣಗಿದ ಕಾಯಿಯ ತೊಗಟೆ ಒಂದೇ ಪೆಟ್ಟಿಗೆ ಸೀಳುತ್ತದೆ. ಅದನ್ನು ಕೂಡಿಸಲು ಮಿರಜದ ಕುಶಲಕರ್ಮಿಗಳ ಹತ್ತಿರವೇ ಹೋಗಬೇಕು. ಮಲ್ಲಿಕಾರ್ಜುನ ಮನಸೂರ ಅವರು ನೀಲಕಂಠಬುವಾ ಅವರಲ್ಲಿ ಗಾಯನ ಕಲಿತದ್ದು ಇದೇ ಮಿರಜದಲ್ಲಿ. ಇಲ್ಲಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿದೆ. ಅಂಥ ವಾದ್ಯ ಊರು ಮುಟ್ಟುವ ಮೊದಲೇ ಕೊಂಡಿಯ ಕಾರಣಕ್ಕೆ ಒಡೆದರೆ ಹೊಟ್ಟೆ ಉರಿಯದೇ ಇರದು.

ಕಡ್ಡಿ ಹಾಕಿ ಬಿಗಿ ಮಾಡಿ

ಕಟ್ಟಿಗೆಯ ಪೆಟ್ಟಿಗೆಯಲ್ಲಿ ಕೊಂಡಿ ಸಡಿಲಾಗಲು ಮುಖ್ಯ ಕಾರಣ ಸ್ಕ್ರೂದ ತೂತು ಅಗಲವಾಗುವುದು. ಅದೇ ಸ್ಕ್ರೂ ಮತ್ತೆ ಮತ್ತೆ ತಿರುವಿದರೆ ಉಪಯೋಗವಿಲ್ಲ. ಸ್ಕ್ರೂ ತೆಗೆದು, ತೂತಿನ ಪುಡಿ ಊದಿ, ಮದ್ದು ಕೆರೆದ ಬೆಂಕಿಕಡ್ಡಿಯನ್ನೋ ಬಿದಿರಿನ ಸೀಳನ್ನೋ ಕಟ್ಟಿಗೆಯ ಅಂಟಿನಲ್ಲಿ ಅದ್ದಿ ಒಳಗೆ ತುಂಬಬೇಕು. ಒಂದು ರಾತ್ರಿ ಒಣಗಿದ ಮೇಲೆ ಉಳಿದ ತುದಿ ಕತ್ತರಿಸಿ ಸ್ಕ್ರೂ ಹಾಕಿದರೆ ಬಿಗಿಯಾಗಿ ಕೂಡುತ್ತದೆ. ಉದ್ದನೆಯ ಸ್ಕ್ರೂ ಹಾಕುವುದು ಸುಲಭ ಅನಿಸಬಹುದು. ಆದರೆ ಅದರ ಮೊನೆ ಒಳಗೆ ಹಾಯ್ದರೆ ಭಾತೆಗೋ ಬುರುಡೆಗೋ ಗಾಯ ಖಂಡಿತ.

ಫೈಬರ್ ಪೆಟ್ಟಿಗೆಗೆ ಸ್ಕ್ರೂ ಹಿಡಿಯುವುದಿಲ್ಲ, ರಿವಿಟ್ ಬೇಕು. ರಿವಿಟ್ಟಿನ ಹಿಂದೆ ವಾಶರ್ ಕೊಟ್ಟರೆ ಫೈಬರ್ ಹರಿಯುವುದಿಲ್ಲ. ಡ್ರಿಲ್ ಹಚ್ಚುವ ಮೊದಲು ವಾದ್ಯ ಹೊರಗೆ ತೆಗೆದಿಡಬೇಕು ಎಂಬುದನ್ನು ಅವಸರದಲ್ಲಿ ಮರೆಯಬಾರದು.

ಎಳೆದು ಒತ್ತುವ ಕೊಂಡಿ ಸಡಿಲಾಗಿದ್ದರೆ ಅದು ಸಿಕ್ಕಿಕೊಳ್ಳುವ ತಗಡಿನ ಕೊಕ್ಕೆಯನ್ನು ಇಕ್ಕಳದಿಂದ ತುಸು ಬಾಗಿಸಿದರೂ ಸಾಕು. ಅದಕ್ಕೂ ಮೊದಲು ಹಿಂದಿನ ಬಿಜಾಗರಿ ನೋಡಬೇಕು. ಅಲ್ಲಿ ಮುಚ್ಚಳ ಸರಿದಿದ್ದರೆ ಹೊಸ ಕೊಂಡಿ ಹಾಕಿದರೂ ಕೂಡುವುದಿಲ್ಲ. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಮುಚ್ಚಳ ಬಿಗಿಯಾದರೆ ಉಜ್ಜುಗೊರಡು ಹಿಡಿಯಬೇಡಿ. ಬೇಸಿಗೆಗೆ ಅದೇ ಪೆಟ್ಟಿಗೆ ಮತ್ತೆ ಸಡಿಲಾಗುತ್ತದೆ.

ಕೀಲಿಕೈ ಕಳೆದರೆ ಸುತ್ತಿಗೆ ಬೇಡ

ಮಂಡಳಿಯ ಪೆಟ್ಟಿಗೆಯ ಕೀಲಿಕೈ ಒಬ್ಬರ ಉಡದಾರದಲ್ಲಿ ಇರುತ್ತದೆ. ಅವರು ಊರಲ್ಲಿ ಇಲ್ಲದ ದಿನವೇ ಭಜನೆ ಇರುತ್ತದೆ. ಆಗ ಸುತ್ತಿಗೆ ಹೊರಬರುತ್ತದೆ. ಕೀಲಿಯ ಜತೆಗೆ ಮುಚ್ಚಳದ ಅಂಚೂ ಹಾಳಾಗುತ್ತದೆ, ಪೆಟ್ಟು ಒಳಗಿನ ವಾದ್ಯಕ್ಕೂ ಮುಟ್ಟುತ್ತದೆ.

ಇಂಥ ಪೆಟ್ಟಿಗೆಯ ಕೀಲಿಗಳು ಬಹುತೇಕ ಸಾದಾ ನಮೂನೆಯವು. ಸಂತೆ, ಪೇಟೆಯಲ್ಲಿ ಕೂಡುವ ಕೀಲಿ ಮಾಡುವವರು ಹೊಸ ಕೀಲಿಕೈ ಮಾಡಿಕೊಡುತ್ತಾರೆ. ಕೆಲವು ಕೀಲಿಗಳ ಮುಖದ ಮೇಲೆ ನಂಬರ್ ಕೊರೆದಿರುತ್ತದೆ, ಅದನ್ನು ಬರೆದಿಟ್ಟುಕೊಂಡರೆ ಕೆಲಸ ಹಗುರ. ಹೊರಗಡೆ ಕಾಣುವ ಬಿಜಾಗರಿ ಇದ್ದರೆ ಅದರ ಸ್ಕ್ರೂ ಬಿಚ್ಚಿ ಹಿಂದಿನಿಂದಲೂ ಪೆಟ್ಟಿಗೆ ತೆರೆಯಬಹುದು. ಕೀಲಿ ಬಿರುಸಾಗಿದ್ದರೆ ಒಳ್ಳೆಣ್ಣೆ, ಕೊಬ್ಬರಿ ಎಣ್ಣೆ ಬಿಡಬಾರದು, ಧೂಳು ಕೂಡಿ ಜಿಗುಟಾಗುತ್ತದೆ. ಪೆನ್ಸಿಲ್ ಸೀಸದ ಪುಡಿ ಉದುರಿಸಿದರೆ ನಯವಾಗಿ ತಿರುಗುತ್ತದೆ.

ಕೀಲಿಕೈ ಎರಡು ಇರಲಿ, ಒಂದು ಪೇಟಿ ಮಾಸ್ತರರ ಹತ್ತಿರ, ಇನ್ನೊಂದು ಗುಡಿಯ ಪೂಜಾರಿಯವರ ಹತ್ತಿರ. ಟೆಂಪೊಗೆ ಹೇರುವ ಮೊದಲು ಕೆಳಗೆ ಗೋಣಿಚೀಲ ಹಾಸಿ, ಪೆಟ್ಟಿಗೆಯನ್ನು ಗೇಣುದ್ದ ಎತ್ತಿ ಮೆಲ್ಲಗೆ ಅಲ್ಲಾಡಿಸಿ ನೋಡಿ. ಕೊಂಡಿ ಕಟಕಟ ಅಂದರೆ ಆ ದಿನ ಪ್ರಯಾಣಕ್ಕಿಂತ ಮೊದಲು ಸ್ಕ್ರೂಡ್ರೈವರ್ ಹುಡುಕುವುದು ಲೇಸು.