ಹ್ಯಾಂಗ್ ಆಗುವ ಕಂಪ್ಯೂಟರು, ಅವಸರದ ತೀರ್ಪು

ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿದ ಗೇಮಿಂಗ್ ಕಂಪ್ಯೂಟರು ಆಟದ ನಡುವೆ ಪದೇ ಪದೇ ಹ್ಯಾಂಗ್ ಆಗತೊಡಗಿದರೆ ಮೊದಲ ಅನುಮಾನ ಹೋಗುವುದು ಕರೆಂಟಿನ ಮೇಲೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಕಡೆ ಈ ಅನುಮಾನ ಸಹಜವೂ ಹೌದು. ಒಂದೇ ಟ್ರಾನ್ಸ್‌ಫಾರ್ಮರಿನ ಲೈನಿನಲ್ಲಿ ನೀರಿನ ಮೋಟರು, ರೇಷ್ಮೆ ರೀಲಿಂಗ್ ಯಂತ್ರ, ಗೊಂಬೆ ಕಡೆಯುವ ಲೇತು ಇದ್ದರೆ, ಅವು ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತವೆ. ಅಕ್ಕಪಕ್ಕದ ಮನೆಯ ಬಲ್ಬು ಒಮ್ಮೆ ಮಂಕಾಗುತ್ತದೆ. ಆದರೆ ಕಂಪ್ಯೂಟರಿಗೆ ಕರೆಂಟ್ ಹೊಂದಿಸಿ ಕೊಡುವ ಎಸ್‌ಎಂಪಿಎಸ್ ಬಲ್ಬಿನಷ್ಟು ಸೂಕ್ಷ್ಮವಲ್ಲ. ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳು 100ರಿಂದ 240 ವೋಲ್ಟ್‌ವರೆಗೆ ಏನು ಕೊಟ್ಟರೂ ನಡೆಯುತ್ತವೆ. ಕರೆಂಟ್ ಪೂರ್ತಿ ತಪ್ಪಿದರೂ ಒಳಗಿನ ಕೆಪಾಸಿಟರಿನ ದಾಸ್ತಾನಿನಿಂದ ಸುಮಾರು 16 ಮಿಲಿಸೆಕೆಂಡ್ ತಡೆದುಕೊಳ್ಳುತ್ತವೆ. ಅದನ್ನೂ ಮೀರಿದರೆ ಯಂತ್ರ ಆರುತ್ತದೆ, ಇಲ್ಲವೇ ರೀಸ್ಟಾರ್ಟ್ ಆಗುತ್ತದೆ. ಪರದೆಯ ಮೇಲೆ ಚಿತ್ರ ಹಾಗೇ ಉಳಿದು ಎಲ್ಲವೂ ನಿಂತುಬಿಡುವುದು ಬೇರೆಯೇ ರೋಗ. ಆರಿತೋ ನಿಂತಿತೋ ಎಂಬುದನ್ನು ಮೊದಲು ಬೇರ್ಪಡಿಸದೆ ಸ್ಟೆಬಿಲೈಜರಿಗೆ ದುಡ್ಡು ಸುರಿಯುವುದು ವ್ಯರ್ಥ. ವಿಂಡೋಸ್‌ನ ದಾಖಲೆಯಲ್ಲಿ ಕಾಣುವ ‘ಕರ್ನಲ್-ಪವರ್ 41’ ಎಂಬ ಸಾಲನ್ನು ಎಸ್‌ಎಂಪಿಎಸ್ ಕೆಟ್ಟಿದೆ ಎಂಬುದಕ್ಕೆ ಸಾಕ್ಷಿಯಾಗಿ ಓದುವವರಿದ್ದಾರೆ. ಅದು ಹೇಳುವುದು ಹಿಂದಿನ ಸಲ ಕಂಪ್ಯೂಟರು ಕ್ರಮವಾಗಿ ಆಫ್ ಆಗಲಿಲ್ಲ ಎಂದಷ್ಟೆ. ಹ್ಯಾಂಗ್ ಆದ ಯಂತ್ರದ ಬಟನ್ ಒತ್ತಿ ಹಿಡಿದು ಆರಿಸಿದರೂ ಅದೇ ಸಾಲು ಬೀಳುತ್ತದೆ.

ಹ್ಯಾಂಗ್ ಎಂದರೆ ಯಂತ್ರದ ಒಂದು ಭಾಗ ಇನ್ನೊಂದರ ಉತ್ತರಕ್ಕೆ ಕಾಯುತ್ತಿದೆ, ಉತ್ತರ ಬರುತ್ತಿಲ್ಲ. ಆ ಹೊತ್ತಿನಲ್ಲೂ ಕೆಲವು ಕುರುಹುಗಳು ಉಳಿದಿರುತ್ತವೆ. ಸ್ಪೀಕರಿನಲ್ಲಿ ಒಂದೇ ಸದ್ದು ಗರಗರ ಎಂದು ಮರುಕಳಿಸಿದರೆ, ಧ್ವನಿಯ ಚಿಪ್ಪಿಗೆ ಹೊಸ ದತ್ತಾಂಶ ತುಂಬಿಸುವವರಿಲ್ಲದೆ ಅದು ಹಳೆಯ ತುಣುಕನ್ನೇ ಸುತ್ತಿಸುತ್ತಿದೆ. ಕ್ಯಾಪ್ಸ್ ಲಾಕ್ ಒತ್ತಿದಾಗ ಕೀಬೋರ್ಡಿನ ದೀಪ ಹತ್ತಿ ಆರಿದರೆ ಆಪರೇಟಿಂಗ್ ಸಿಸ್ಟಮ್ ಇನ್ನೂ ಜೀವಂತವಿದೆ, ಏಕೆಂದರೆ ಆ ದೀಪ ಅದರ ಅಪ್ಪಣೆಯಿಂದಲೇ ಹತ್ತುತ್ತದೆ. ಗ್ರಾಫಿಕ್ಸ್ ಕಾರ್ಡ್ ಮಾತ್ರ ಸುಮ್ಮನಾಗಿದ್ದರೆ ವಿಂಡೋಸ್ ಸಾಮಾನ್ಯವಾಗಿ 2 ಸೆಕೆಂಡು ಕಾದು ಡ್ರೈವರನ್ನು ಮತ್ತೆ ಶುರುಮಾಡುತ್ತದೆ. ಪರದೆ ಒಮ್ಮೆ ಕಪ್ಪಾಗಿ ಮರಳುತ್ತದೆ.

ಆದರೂ ಲಕ್ಷಣ ಕಂಡ ಜಾಗವೇ ದೋಷದ ಜಾಗವಾಗಿರಬೇಕಿಲ್ಲ. ಇದಕ್ಕೆ 2024ರಷ್ಟು ಒಳ್ಳೆಯ ಉದಾಹರಣೆ ಮತ್ತೊಂದಿಲ್ಲ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಬಲವಾದ ಪ್ರೊಸೆಸರುಗಳಿದ್ದ ಯಂತ್ರಗಳಲ್ಲಿ ಆಟಗಳು ನಿಲ್ಲುತ್ತಿದ್ದವು. ತೆರೆಯ ಮೇಲೆ ಬರುತ್ತಿದ್ದುದು ವಿಡಿಯೋ ಮೆಮೊರಿ ಸಾಲದು ಎಂಬ ಸಂದೇಶ. ಸಂದೇಶ ನಂಬಿದವರು ಗ್ರಾಫಿಕ್ಸ್ ಕಾರ್ಡನ್ನು ಶಂಕಿಸಿದರು. ತಪ್ಪು ಪ್ರೊಸೆಸರಿನದ್ದಾಗಿತ್ತು: ಮಿತಿಮೀರಿದ ವೋಲ್ಟೇಜಿನಿಂದ ಒಳಗಿನ ಸರ್ಕ್ಯೂಟು ಸವೆದು, ಕುಗ್ಗಿಸಿಟ್ಟ ಕಡತಗಳನ್ನು ಬಿಡಿಸುವ ಲೆಕ್ಕ ತಪ್ಪುತ್ತಿತ್ತು. ಇಂಟೆಲ್ ಆಗಸ್ಟ್‌ನಲ್ಲಿ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನು 2 ವರ್ಷ ಹೆಚ್ಚಿಸಿತು. ಬಯೋಸ್ ಅಪ್‌ಡೇಟ್‌ನಿಂದ ಮುಂದಿನ ಸವೆತ ತಡೆಯಬಹುದಿತ್ತು, ಆಗಲೇ ಸವೆದ ಚಿಪ್ಪು ಮಾತ್ರ ರಿಪೇರಿಯಾಗುವಂತಿರಲಿಲ್ಲ. ರ್ಯಾಮಿನದೂ ಇಂಥದೇ ಕಥೆ. ಗೂಗಲ್‌ನ ಸರ್ವರ್‌ಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಷಕ್ಕೆ ನೂರಕ್ಕೆ 8ರಷ್ಟು ರ್ಯಾಮ್‌ಗಳಲ್ಲಿ ಒಮ್ಮೆಯಾದರೂ ದೋಷ ಕಂಡಿತ್ತು. ಸರ್ವರಿನ ರ್ಯಾಮಿಗೆ ತಪ್ಪು ಹಿಡಿದು ತಿದ್ದುವ ಏರ್ಪಾಡು ಇರುವುದರಿಂದ ಅದು ಲೆಕ್ಕಕ್ಕೆ ಸಿಕ್ಕಿತು. ಮನೆಯ ಕಂಪ್ಯೂಟರಿನಲ್ಲಿ ತಪ್ಪು ಸದ್ದಿಲ್ಲದೆ ಆಟದೊಳಗೆ ನುಸುಳುತ್ತದೆ.

ಇಷ್ಟೆಲ್ಲ ಅನುಮಾನಿತರಿರುವಾಗ ಒಂದೊಂದನ್ನೇ ಬದಲಿಸಿ ನೋಡುವುದು ಸರಿಯಾದ ದಾರಿ ಎಂದು ಎಲ್ಲರೂ ಒಪ್ಪುತ್ತಾರೆ. ಎಡವುವುದು ಅದರ ಮುಂದಿನ ಹೆಜ್ಜೆಯಲ್ಲಿ, ‘ಸರಿಹೋಯಿತು’ ಎಂದು ಘೋಷಿಸುವಾಗ. ಒಂದು ಯಂತ್ರ ಆಟವಾಡುವಾಗ ಸರಾಸರಿ 4 ಗಂಟೆಗೊಮ್ಮೆ ಹ್ಯಾಂಗ್ ಆಗುತ್ತದೆ ಎನ್ನೋಣ. ಇದು ಗಡಿಯಾರದಂತೆ ನಾಲ್ಕು ಗಂಟೆಗೇ ಬರುವುದಿಲ್ಲ. ಪಗಡೆಯ ದಾಳ ಉರುಳಿಸಿದ ಹಾಗೆ ಯಾವಾಗ ಬೇಕಾದರೂ ಬೀಳಬಹುದು. ಹಾಗಿರುವಾಗ ಏನೂ ರಿಪೇರಿ ಮಾಡದಿದ್ದರೂ ಒಂದು ಗಂಟೆ ನಿರಾತಂಕವಾಗಿ ಕಳೆಯುವ ಸಂಭವ ನೂರಕ್ಕೆ 78. ನಾಲ್ಕು ಗಂಟೆ ಕಳೆಯುವ ಸಂಭವವೂ 37 ಇದೆ. ಅದು 5ಕ್ಕೆ ಇಳಿಯಬೇಕಾದರೆ ಸರಾಸರಿಯ ಮೂರು ಪಟ್ಟು, ಅಂದರೆ 12 ಗಂಟೆ ಆಟ ನಡೆಯಬೇಕು. ರ್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಮತ್ತೆ ಚುಚ್ಚಿ, ಒಂದು ಗಂಟೆ ಆಡಿ ಗೆದ್ದೆವೆನ್ನುವ ನಮ್ಮ ಊರೂರ ವೈದ್ಯ ಈ ಲೆಕ್ಕದಲ್ಲಿ ನಿಲ್ಲುವುದಿಲ್ಲ. ರಬ್ಬರಿನಿಂದ ಗುಣ ಕಂಡದ್ದಿದೆಯಲ್ಲ ಎನ್ನಬಹುದು. ಕಂಡಿರಬಹುದು; ಆದರೆ ಅಲ್ಲಿ ನಡೆದದ್ದು ಎರಡು ಕೆಲಸ. ಕಿತ್ತು ಚುಚ್ಚುವಾಗ ಸ್ಲಾಟಿನ ಲೋಹವೇ ಹಲ್ಲುಗಳನ್ನು ಕೆರೆದು ಜಿಡ್ಡು, ಧೂಳು ಸರಿಸುತ್ತದೆ. ಉಜ್ಜದೆ ಬರೀ ಕಿತ್ತು ಹಾಕಿ ನೋಡದ ಹೊರತು ರಬ್ಬರಿಗೆ ಕೀರ್ತಿ ಸಲ್ಲದು, ಮೇಲಾಗಿ ತೆಳುವಾದ ಚಿನ್ನದ ಲೇಪ ಅದರಿಂದ ಸವೆಯುತ್ತದೆ.

ಸೆಕೆಯೂ ಹೀಗೇ ಮೋಸ ಮಾಡುತ್ತದೆ. ಪ್ರೊಸೆಸರು 95–100 ಡಿಗ್ರಿಯ ಮಿತಿ ಮುಟ್ಟಿದರೆ ತಾನೇ ನಿಧಾನವಾಗುತ್ತದೆ, ಮೀರಿದರೆ ಆರುತ್ತದೆ. ರ್ಯಾಮಿಗೂ ವೋಲ್ಟೇಜ್ ತಗ್ಗಿಸುವ ಬಿಡಿಭಾಗಗಳಿಗೂ ಅಷ್ಟು ಕಾವಲಿಲ್ಲ. ಕೋಣೆ 10 ಡಿಗ್ರಿ ಬಿಸಿಯಾದರೆ ಒಳಗಿನ ಚಿಪ್ಪುಗಳೂ ಹೆಚ್ಚುಕಡಿಮೆ ಅಷ್ಟೇ ಏರುತ್ತವೆ. ಏಪ್ರಿಲ್ ಪೂರ್ತಿ ಕಾಡಿದ ಹ್ಯಾಂಗು, ಜೂನ್ ಮೊದಲ ಮಳೆಯ ವಾರದಲ್ಲಿ ಹೊಸ ಎಸ್‌ಎಂಪಿಎಸ್ ಹಾಕಿದಾಗ ಮಾಯವಾದರೆ ಪುಣ್ಯ ಮಳೆಯದ್ದೂ ಆಗಿರಬಹುದು.

ಹನ್ನೆರಡು ಗಂಟೆ ಯಾರು ಕಾಯುತ್ತಾರೆ, ಅಂಗಡಿಗೆ ಒಯ್ದರೆ ಆಗದೇ ಎಂಬ ಮಾತಿಗೆ ಅದೇ ಲೆಕ್ಕದಲ್ಲಿ ಉತ್ತರವಿದೆ. ನಾಲ್ಕು ಗಂಟೆಗೊಮ್ಮೆ ಹ್ಯಾಂಗ್ ಆಗುವ ಆ ಯಂತ್ರವನ್ನು ಅಂಗಡಿಯಲ್ಲಿ ಹತ್ತು ನಿಮಿಷ ಓಡಿಸಿದರೆ, ಕೆಟ್ಟ ಭಾಗವಿದ್ದೂ ನೂರಕ್ಕೆ 96 ಸಲ ಅದು ಪಾಸಾಗುತ್ತದೆ. ಕಂಪ್ಯೂಟರ್ ಅಂಗಡಿಗಳ ಬೀದಿಯಾದ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಲು ರಾಮನಗರ, ಚನ್ನಪಟ್ಟಣದವರಿಗೆ ಊರಿನವರೆಗೆ ರೈಲಾದರೂ ಇದೆ, ಮಾಗಡಿ, ಕನಕಪುರದವರಿಗೆ ಬಸ್ಸೇ ಗತಿ. ಆ ದಿನವೆಲ್ಲ ಹೋಗಿ ‘ಸರಿ ಇದೆ’ ಎಂಬ ಮಾತು ಕೇಳಿ ಬರುವುದಕ್ಕಿಂತ ಮನೆಯ ಹನ್ನೆರಡು ಗಂಟೆ ಅಗ್ಗ. ನಡುವೆ ಕರೆಂಟ್ ಹೋದರೆ ಪರೀಕ್ಷೆ ಹಾಳು ಎಂಬ ಆತಂಕವೂ ಬೇಡ. ದಾಳಕ್ಕೆ ಹಿಂದಿನ ಆಟದ ನೆನಪಿಲ್ಲ, ಆದ್ದರಿಂದ ಇಂದಿನ ಎರಡು ಗಂಟೆ, ನಾಳೆಯ ಮೂರು ಗಂಟೆ ಕೂಡಿಸಬಹುದು. ಯಂತ್ರ ಬಿಸಿಯಾದ ಮೇಲಷ್ಟೇ ಹ್ಯಾಂಗ್ ಆಗುವುದಾದರೆ ಶುರುವಿನ ಅರ್ಧ ಗಂಟೆಯನ್ನು ಪ್ರತಿ ಸಲ ಕಳೆಯಬೇಕು, ಅಷ್ಟೆ.

ಮೊದಲು ದುಡ್ಡು ಬೇಡದ ಪರೀಕ್ಷೆಗಳು. ರ್ಯಾಮ್ ಡಬ್ಬದ ಮೇಲಿನ 3600ರಂಥ ವೇಗ ಹಲವೆಡೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಆನ್ ಮಾಡಿದರಷ್ಟೇ ಬರುತ್ತದೆ. ಅದು ಪ್ರಮಾಣಿತ ಮಿತಿಗಿಂತ ಹೆಚ್ಚಿನ ಓಟ. ಅದನ್ನು ಆಫ್ ಮಾಡಿ 12 ಗಂಟೆ ಕಳೆದರೆ, ಮತ್ತೆ ಆನ್ ಮಾಡಿ ನೋಡಬೇಕು. ಹ್ಯಾಂಗ್ ಮರಳಿದರೆ ಅನುಮಾನಕ್ಕೆ ನೆಲೆ ಸಿಕ್ಕಿತು. ಆದರೆ ಆಗಲೂ ರ್ಯಾಮ್, ಮದರ್‌ಬೋರ್ಡ್, ಪ್ರೊಸೆಸರ್ ಮೂರರಲ್ಲಿ ಒಂದೆಂದಷ್ಟೇ ಗೊತ್ತು. ಒಂದೊಂದೇ ರ್ಯಾಮನ್ನು ಒಂದೊಂದು ಸ್ಲಾಟಿನಲ್ಲಿ ಹಾಕಿ ಮತ್ತೆ ಗಂಟೆ ಎಣಿಸಬೇಕು. ಕೊನೆಗೆ ರ್ಯಾಮನ್ನೇ ಅಂಗಡಿಗೆ ಒಯ್ಯುವುದಾದರೆ ಎಕ್ಸ್‌ಎಂಪಿ ಆನ್ ಇಟ್ಟೇ ಪರೀಕ್ಷಿಸಿ ಎಂದು ಕೇಳಿ. ಇಲ್ಲದಿದ್ದರೆ ಅದು ಅಲ್ಲೂ ಪಾಸಾಗಿ ನಿಮ್ಮ ಜೊತೆಯೇ ವಾಪಸ್ ಬರುತ್ತದೆ.